ಬಾಯಿಟ್ಟು ಊದಿದ ನಳಿಕೆ

ಸೂರ್ಯ ಇನ್ನೂ ಬೆಟ್ಟದ ಆಚೆಗೇ ಇದ್ದಾನೆ. ನರಿನ್ ಕಣಿವೆಯ ಈ ಹಳ್ಳಿಯಲ್ಲಿ ದಿನವೂ ಮೊದಲು ಹೊಗೆಯಾಡುವುದು ಬುಬುಸಾರಾ ಅವರ ಹಿತ್ತಲ ಒಲೆ. ಬೆರಣಿ ಬೆಂಕಿಯ ಮೇಲಿನ ಎನಾಮಲ್ ಬಕೆಟ್ಟಿನಲ್ಲಿ ಹುಳಿಮೊಸರಿನ ತಿಳಿನೀರು, ಬೆಟ್ಟದಿಂದ ತಂದ ಹುಳಿದಂಟು, ಹಿಡಿ ಉಪ್ಪು ಕುದಿಯುತ್ತಿವೆ. ಕೊಟ್ಟಿಗೆಯ ಕಂಬಕ್ಕೆ ಹಳೆಯ ಬಂದೂಕುಗಳನ್ನು ಬಾಯಿ ಮೇಲಾಗಿ ನಿಲ್ಲಿಸಿ ಕಟ್ಟಿದೆ. ಹೆಂಗಸು ದಾಟಿದ ಬಂದೂಕಿಗೆ ಬೇಟೆ ಬೀಳದು ಎಂದು ಇಲ್ಲಿನವರು ನಂಬುತ್ತಾರೆ. ಹಾಗಾಗಿ ಅವರ ಹಿತ್ತಲಲ್ಲಿ ಯಾವ ಬಂದೂಕೂ ನೆಲ ಮುಟ್ಟುವುದಿಲ್ಲ.

ಅವರದು ತುಕ್ಕು ಬಿಡಿಸುವ ಕೆಲಸ. ನಳಿಕೆಯ ಬಾಯಿಗೆ ತುಟಿಯಿಟ್ಟು ಊದಿ ಒಳಗಿನ ಹಾದಿ ನೋಡುತ್ತಾರೆ. ಹುಳಿನೀರು ತುಂಬಿ ರಾತ್ರಿಯಿಡೀ ಬಿಡುತ್ತಾರೆ. ಬೆಳಗ್ಗೆ ಕುದುರೆಬಾಲದ ಕೂದಲು ಸುತ್ತಿದ ಕೋಲಿನಿಂದ ಉಜ್ಜಿ, ಬೂದಿನೀರಲ್ಲಿ ತೊಳೆದು, ಕುರಿಬಾಲದ ಕೊಬ್ಬು ಸವರುತ್ತಾರೆ. ವಾರಕ್ಕೆ ನಾಲ್ಕೈದು ಬಂದೂಕು ಬರುತ್ತವೆ. ತೋಳ ಇಳಿಯುವ ಚಳಿಗಾಲದಲ್ಲಿ ಅದರ ಎರಡರಷ್ಟು. ಹುಳಿಗೆ ಬೆರಳ ಸಂದುಗಳೆಲ್ಲ ಒಡೆದಿವೆ.

"ತಾಮ್ರದ ಪಾತ್ರೆ ತೊಳೆಯೋ ನೀರು ಕಬ್ಬಿಣಕ್ಕೆ ಯಾಕಾಗಬಾರದು ಅಂತ ಅಪ್ಪನ ಬಂದೂಕಿಗೇ ಸುರಿದೆ. ಅಪ್ಪ ಅವತ್ತು ಮಾತಾಡಲಿಲ್ಲ. ಮಾರನೇ ದಿನ ನಳಿಕೇಲಿ ಆಕಾಶ ಕಂಡಿತು, ಆಗ ಮಾತಾಡಿದ" ಎನ್ನುತ್ತಾರೆ ಬುಬುಸಾರಾ. ಮದುವೆಯಾಗಿ ಬಂದ ಹೊಸದರಲ್ಲಿ ಊರ ಗಂಡಸರು ಗಂಡ ಜಾಪಾರ್ ಅವರನ್ನು ಆಡಿಕೊಂಡದ್ದು ಸ್ವಲ್ಪವಲ್ಲ. "ಏನಪ್ಪಾ, ಹೆಂಡತಿ ಬಂದೂಕು ತೊಳೀತಾಳೆ, ನೀನು ಪಾತ್ರೆ ತೊಳೀತೀಯಾ?" ಜಾಪಾರ್ ಈಗಲೂ ನಗುತ್ತಾರೆ. "ತೊಳೀತೀನಿ ಅಂದೆ. ಅವರ ಬಾಯಿ ಮುಚ್ಚಿತು, ಪಾತ್ರೆ ಮಾತ್ರ ನನಗೇ ಉಳೀತು."

ಇವತ್ತು ಕಂಬದಲ್ಲಿರುವುದರಲ್ಲಿ ಒಂದು ಶಾಲೆಯದು. ನಿನ್ನೆ ಸಂಜೆ ಮೇಷ್ಟ್ರು ಕುಬಾತ್ ತಂದುಕೊಟ್ಟದ್ದು. ಯುದ್ಧ ಗೆದ್ದ ನೆನಪಿನ ವಿಜಯ ದಿನದ ನಾಟಕದಲ್ಲಿ ಮಕ್ಕಳು ವರ್ಷವರ್ಷವೂ ಹಿಡಿಯುವ ಬಂದೂಕು ಅದು. ಗುಂಡು ಹಾಕುವ ಕಡೆಯ ಅಗುಳಿ ತುಕ್ಕಿಗೆ ಕಚ್ಚಿಕೊಂಡಿದೆ, ಬೆರಳಿಟ್ಟು ಬಂದೂಕಿನ ಕುದುರೆ ಒತ್ತಿದರೆ ಅಲುಗುವುದಿಲ್ಲ. "ಟಕ್ ಅಂತ ಸದ್ದಾದರೆ ಸಾಕು ಏಜೆ, ಮಕ್ಕಳಿಗೆ ಖುಷಿ" ಎಂದಿದ್ದರು; ಹಿರಿಯ ಹೆಂಗಸರನ್ನು ಇಲ್ಲಿ ಏಜೆ, ಅಂದರೆ ಅಕ್ಕ, ಎಂದೇ ಕರೆಯುವುದು. ಈ ಸಲ ಗುಂಡೇಟು ತಿನ್ನುವ ಗೂಢಚಾರಿಣಿಯ ಪಾತ್ರ ಬುಬುಸಾರಾ ಅವರ ಮೊಮ್ಮಗಳು ಮೀರಿಮ್‌ಳದು.

ಅಗುಳಿ ತೆರೆಯದ, ಒಳಗೇನಿದೆಯೆಂದು ಕಾಣದ ಬಂದೂಕನ್ನು ಅವರು ಎಂದೂ ಒಳಗೆ ತಂದವರಲ್ಲ. ಶಾಲೆಯದಲ್ಲವೇ ಎಂದು ಇದನ್ನು ತಂದರು. ಊದಿದರು, ಉಸಿರು ಹೋಗಲಿಲ್ಲ. ತುಕ್ಕು ಕಟ್ಟಿದೆ ಎಂದುಕೊಂಡು ನೀರು ತುಂಬಿದರು.

ಈಗ ಆ ನೀರು ಚೆಲ್ಲಿ ಅಗುಳಿಗೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟುತ್ತಾರೆ. ಕರಕರ ಎನ್ನುತ್ತ ಹಿಂದೆ ಸರಿಯುತ್ತದೆ. ಅದರ ಹಿಂದೆಯೇ ಹಸಿರುಗಟ್ಟಿದ ಏನೋ ಒಂದು ಜಾರಿ ಅವರ ಮಡಿಲಿಗೆ ಬೀಳುತ್ತದೆ.

ಕಾಡತೂಸು.

ಅವರು ಅದನ್ನು ಮುಟ್ಟುವುದಿಲ್ಲ. ಮಡಿಲನ್ನು ಹಾಗೆಯೇ ಹಿಡಿದು ಕೂತುಬಿಡುತ್ತಾರೆ. ಜಾಪಾರ್ ಬಂದು ಎತ್ತಿಕೊಂಡು ತಿರುಗಿಸಿ ನೋಡುತ್ತಾರೆ. ಹಿಂಬದಿಯಲ್ಲಿ ಬಂದೂಕಿನ ಮೊಳೆ ಚುಚ್ಚಿದ ಗುರುತಿಲ್ಲ, ಇನ್ನೂ ಹಾರಿಸದ್ದು. "ಹಳೇದು, ಸತ್ತೋಗಿರತ್ತೆ ಬಿಡು" ಎನ್ನುತ್ತ ದೂರ ಹೋಗಿ, ಇಕ್ಕಳದಿಂದ ಗುಂಡು ಕಿತ್ತು, ಒಲೆಯ ಬಳಿ ಬಂದು ಒಳಗಿನ ಮದ್ದನ್ನು ಚಿಟಿಕೆಯಷ್ಟು ಬೆಂಕಿಗೆ ಎಸೆಯುತ್ತಾರೆ. ಭುಸ್ಸೆಂದು ಉರಿ ಏಳುತ್ತದೆ. ಇಬ್ಬರೂ ಹಿಂದೆ ಸರಿಯುತ್ತಾರೆ.

"ನಾನು ಇದಕ್ಕೆ ಬಾಯಿಟ್ಟಿದ್ದೆ" ಎನ್ನುತ್ತಾರೆ ಬುಬುಸಾರಾ. ತುಟಿ ಒರೆಸಿಕೊಂಡು, "ನಾಟಕದಲ್ಲಿ ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ಹೊಡೀತಿದ್ದೆ, ಪ್ರತಿ ವರ್ಷ."

ಸುದ್ದಿ ಕೇಳಿ ಓಡಿಬಂದ ಮೇಷ್ಟ್ರು ಆ ಕಾಡತೂಸನ್ನು ಎತ್ತಿ ನೋಡುತ್ತಾರೆ. "ಕುದುರೆ ಗಟ್ಟಿಯಾಗಿ ಒತ್ರೋ, ಊಟ ಮಾಡಿಲ್ವಾ ಅಂತ ಬೈತಿದ್ದೆ ಏಜೆ. ಒಂದೊಂದು ಮಗುವಿಗೂ ಬೈತಿದ್ದೆ." ಅದನ್ನು ಬಂದೂಕಿಗೆ ಯಾರು ತುಂಬಿಟ್ಟರು, ಯಾವ ಕಾಲದಲ್ಲಿ, ಯಾರಿಗೂ ಗೊತ್ತಿಲ್ಲ.

ಬುಬುಸಾರಾ ಅಗುಳಿಯ ತುಕ್ಕನ್ನು ಉಗುರಿನಿಂದ ಕೆರೆಯುತ್ತಾರೆ. "ಜೀವಮಾನವಿಡೀ ತುಕ್ಕನ್ನ ಬೈಕೊಂಡೇ ಬಂದೆ ಮೇಷ್ಟ್ರೇ. ಇಷ್ಟು ಮಕ್ಕಳನ್ನ ಕಾಯ್ತಾ ಕೂತಿದ್ದು ಅದು. ಅದನ್ನ ನಾನೇ ಬಿಡಿಸ್ತಿದ್ದೆ. ಟಕ್ ಅನ್ನಲಿ ಅಂತ."

ಜಾಪಾರ್ ಅಗುಳಿಯನ್ನು ಬಿಡಿಸಿ, ಕಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ಜಜ್ಜುತ್ತಾರೆ. ಹೆಂಡತಿ ಇನ್ನೊಂದೇಟು, ಇನ್ನೊಂದೇಟು ಎನ್ನುತ್ತಲೇ ಇರುತ್ತಾರೆ.

"ಹಾಗಾದರೆ ನಾಟಕದಲ್ಲಿ ಮಕ್ಕಳು ಏನು ಹಿಡೀಬೇಕು?" ಎಂದು ಕೇಳುತ್ತಾರೆ ಮೇಷ್ಟ್ರು.

"ಕೋಲು ಹಿಡೀಲಿ" ಎನ್ನುತ್ತಾರೆ ಬುಬುಸಾರಾ, ಒಡೆದ ಬೆರಳುಗಳನ್ನು ಮಡಿಲಲ್ಲಿ ಒರೆಸಿಕೊಳ್ಳುತ್ತ. "ಕೋಲಿಗೆ ತುಕ್ಕು ಹಿಡಿಯಲ್ಲ. ನನಗೆ ಕೆಲಸ ಇರಲ್ಲ. ಇಲ್ಲದೇ ಇರಲಿ."