ಅಳೆಯದೆ ಬಿಟ್ಟ ನಿದ್ದೆ

ಮಧುರಾ ಇಂದಿರಾನಗರದ ಔಷಧ ಕಂಪನಿಯೊಂದರಲ್ಲಿ, ಮದ್ದು ಏನೇನು ಮಾಡುತ್ತದೆಂದು ತಿಳಿಸುವ ಲೇಬಲ್ ಬರೆಯುವ ವಿಭಾಗ ನೋಡಿಕೊಳ್ಳುತ್ತಿದ್ದಳು. ಅವಳದೊಂದು ಪದ್ಧತಿ. ಹೊಸ ಮದ್ದನ್ನು ರೋಗಿಗಳ ಮೇಲೆ ಪರೀಕ್ಷಿಸುವ ಯೋಜನೆ ಶುರುವಾಗುವ ಮೊದಲೇ ಅದರ ಲೇಬಲ್ ಬರೆದು ಮೇಜಿನ ಮೇಲಿಡುವಳು. ನಾಳೆ ಏನು ಹೇಳಬೇಕೆಂದಿದ್ದೀರೋ ಅದನ್ನು ಇಂದೇ ಅಳೆಯಿರಿ. ಅಳೆಯದ್ದು ಲೇಬಲ್ಲಿಗೆ ಬಾರದು, ಲೇಬಲ್ಲಿನಲ್ಲಿಲ್ಲದ್ದು ಪ್ರಚಾರಕ್ಕೂ ಬಾರದು ಎಂಬುದು ಅವಳ ವಾದ. ಮೇಡಂ ಮದುವೆಗೆ ಮುಂಚೆಯೇ ಆಲ್ಬಂ ಮಾಡಿಸುತ್ತಾರೆ ಎಂದು ಕಚೇರಿಯವರು ನಗುತ್ತಿದ್ದರು.

ಡಯಾಲಿಸಿಸ್ ಮಾಡಿಸಿಕೊಳ್ಳುವ ಅನೇಕರಿಗೆ ಮೈಯೆಲ್ಲ ತುರಿಕೆ. ಅದಕ್ಕೊಂದು ಮಾತ್ರೆ ತಯಾರಾಗುತ್ತಿದ್ದಾಗ ಅವಳು ಬರೆದಿಟ್ಟ ಲೇಬಲ್ಲಿನಲ್ಲಿ ನಿದ್ದೆಯೂ ಚೆನ್ನಾಗಿ ಬರುತ್ತದೆ ಎಂಬ ಒಂದು ಸಾಲಿತ್ತು. ಯೋಜನೆಯ ಮುಖ್ಯಸ್ಥ ಭಾರ್ಗವ್ ಅದನ್ನು ಹೊಡೆದುಹಾಕಿದ. ನಿದ್ದೆ ಅಳೆಯಲು ಹೋದರೆ ಪರೀಕ್ಷೆ ಉದ್ದವಾಗುತ್ತಿತ್ತು.

“ತುರಿಕೆ ನಿಂತ್ರೆ ನಿದ್ದೆ ತಾನಾಗೇ ಬರುತ್ತೆ ಮೇಡಂ. ಅದನ್ನೇನು ಅಳೀತೀರಾ?”

ಮಾತ್ರೆಗೆ ಅನುಮತಿ ಸಿಕ್ಕಿತು. ಮಾರಾಟ ಏಳಲಿಲ್ಲ. ತುರಿಕೆಗೆ ಬೇರೆ ಗುಳಿಗೆಗಳು ಮೊದಲೇ ಇದ್ದವು.

ಅಷ್ಟರಲ್ಲಿ ಅವಳ ಗಂಡ ಹಯಗ್ರೀವನ ಮೂತ್ರಪಿಂಡಗಳೂ ಕೈಕೊಟ್ಟಿದ್ದವು. ಸರ್ಕಾರಿ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡಿ ನಿವೃತ್ತನಾದ ಮನುಷ್ಯ. ಕೃಷ್ಣರಾಜಪುರದ ಮನೆಯಿಂದ ಹಲಸೂರಿಗೆ ಡಯಾಲಿಸಿಸ್‌ಗೆ ಹೋಗಿಬರುತ್ತಿದ್ದ. ಆ ಬೇರೆ ಗುಳಿಗೆಗಳು ಅವನಿಗೆ ನಾಟಲಿಲ್ಲ. ರಾತ್ರಿಯೆಲ್ಲ ತುರಿಸಿ ತುರಿಸಿ ಮೈ ರಕ್ತವಾಗುತ್ತಿತ್ತು. ಈ ಮಾತ್ರೆ ಶುರುಮಾಡಿದ ಕೆಲವೇ ದಿನಗಳಲ್ಲಿ ಅವನು ಗೊರಕೆ ಹೊಡೆದ. ಮಧುರಾ ಎದ್ದು ಕೂತು ಕೇಳಿಸಿಕೊಂಡಳು.

ಆಮೇಲೆ, ಮಾರಾಟ ಹೆಚ್ಚಿಸಲೆಂದು ವೈದ್ಯರಿಗೆ ಹಂಚುವ ಕರಪತ್ರವೊಂದನ್ನು ಭಾರ್ಗವ್ ತಂದ. ಮೇಲುಗಡೆಯೇ ‘ನೆಮ್ಮದಿಯ ನಿದ್ದೆ’ ಎಂದಿತ್ತು. ಅವಳ ಸಹಿಯಿಲ್ಲದೆ ಅದು ಅಚ್ಚಿಗೆ ಹೋಗುವಂತಿರಲಿಲ್ಲ.

“ಇದು ಹೋಗ್ಲಿಲ್ಲ ಅಂದ್ರೆ ಮಾತ್ರೆನೇ ನಿಲ್ಲಿಸ್ತಾರೆ ಮೇಡಂ. ನಿಮ್ಮನೇಲೇ ನೋಡ್ತಿದೀರಲ್ಲ, ಸುಳ್ಳಾ?”

“ಸುಳ್ಳು ಅಂತ ನಾನಂದ್ನಾ? ಅಳೆದಿಲ್ಲ. ಬೇಡ ಅಂದೋರು ನೀವೇ.”

ಸಂಜೆ ಗಂಡನಿಗೆ ಹೇಳಿದಳು. “ನಾನು ಸೈನ್ ಹಾಕಿದ್ರೆ ಮಾತ್ರೆ ಉಳಿಯುತ್ತೆ ರೀ.”

“ಗೇಜ್ ಹಿಡಿದು ಅಳೀದೆ ನಾನು ಒಂದು ಪೀಸೂ ಪಾಸ್ ಮಾಡಿಲ್ಲ ಕಣೇ. ನೀನು ನನ್ನ ಗೊರಕೆ ಕೇಳ್ಕೊಂಡು ಪಾಸ್ ಮಾಡ್ತೀಯಾ?” ಎಂದು ಹಯಗ್ರೀವ ನಕ್ಕ.

ಹಾಕಿಬಿಡು ಎಂದು ಅವನು ಒಂದು ಸಲ ಹೇಳಿದ್ದರೆ ಅವಳು ಹಾಕಿಬಿಡುತ್ತಿದ್ದಳೇನೋ. ಅವನು ಹೇಳಲಿಲ್ಲ. ಮರುದಿನ ಕರಪತ್ರವನ್ನು ಸಹಿಯಿಲ್ಲದೆ ವಾಪಸು ಮಾಡಿದಳು. ನಿದ್ದೆಯನ್ನು ಅಳೆಯುವ ಹೊಸ ಪರೀಕ್ಷೆಗೆ ಯೋಜನೆ ಬರೆದುಕೊಟ್ಟಳು. ಮಾರಾಟವಾಗದ ಮದ್ದಿಗೆ ಇನ್ನೊಂದು ಪರೀಕ್ಷೆ ಯಾಕೆಂದು ಮೇಲಿನವರು ಅದನ್ನು ಬದಿಗಿಟ್ಟು ಮಾತ್ರೆಯ ತಯಾರಿಕೆಯನ್ನು ನಿಲ್ಲಿಸಿದರು. ಮಧುರಾ ಶಿವಾಜಿನಗರದವರೆಗೂ ಔಷಧದಂಗಡಿಗಳನ್ನೆಲ್ಲ ಅಲೆದು ಉಳಿದಿದ್ದನ್ನೆಲ್ಲ ತಂದಳು. ಅದೂ ಮುಗಿಯಿತು.

ಈಗ ರಾತ್ರಿ ಊಟವಾದ ಮೇಲೆ ಹಯಗ್ರೀವ ಎರಡೂ ಕೈ ಚಾಚುತ್ತಾನೆ. ಉಗುರು ಮೈಗೆ ತಾಗದಂತೆ ಅವಳು ಹತ್ತಿಬಟ್ಟೆಯ ಚೀಲ ತೊಡಿಸಿ ಲಾಡಿ ಕಟ್ಟುತ್ತಾಳೆ.

“ಆ ನಿದ್ದೆ ಟ್ರಯಲ್ ಮಾತು ಮತ್ತೆ ಬಂತಾ?”

“ಇಲ್ಲಾರೀ.”

“ಸರಿ. ಬಲಗೈದು ಸ್ವಲ್ಪ ಬಿಗಿಯಾಗಿ ಕಟ್ಟು. ನಿನ್ನೆ ಬಿಚ್ಕೊಂಬಿಟ್ಟೆ.”