ಪಿಯಾನೊ ಅಜ್ಜನಿಗೆ ಕೊಟ್ಟ ಕೆಂಡ

ನಿನ್ನೆ ಅಳಿಯ ಹಿತ್ತಲಲ್ಲಿ ಜೋಳ ಸುಡೋಕೆ ಇದ್ದಿಲು ಹಚ್ಚಿದ. ವಾಸನೆ ಅಡುಗೆಮನೆಗೆ ಬಂತು. ನಾನು ಎದ್ದು ಮನೆಯ ಕಿಟಕಿಯೆಲ್ಲ ತೆಗೆದೆ.  ಯಾಕೆ ಅಂತ ಮನೆಯವರಿಗೆಲ್ಲ ಗೊತ್ತು.

ಅಮೆರಿಕದ ಈ ರೌಂಡ್ ರಾಕ್ ಊರಲ್ಲಿ ನಾನಿರೋದು ಮಗಳ ಮನೇಲಿ. ಪಕ್ಕದ ಮನೆಯಲ್ಲಿ ಒಬ್ಬ ಜರ್ಮನ್ ಮುದುಕ ಇದ್ದ. ಪಿಯಾನೊ ಮಾಡೋನು. ನಾನು ಪಿಯಾನೊ ಅಜ್ಜ ಅಂತಿದ್ದೆ. ಹದಿನೈದನೇ ವಯಸ್ಸಿಗೇ ತನ್ನೂರಿನ ಪಿಯಾನೊ ಕಾರ್ಖಾನೆ ಸೇರಿದ್ದನಂತೆ. ಮೊದಲ ವರ್ಷವೆಲ್ಲ ಹಲಗೆ ಉಜ್ಜಿದ್ದೇ ಕೆಲಸ. ಆಮೇಲೆ ಹ್ಯೂಸ್ಟನ್‌ಗೆ ಬಂದು ಮೂವತ್ತು ವರ್ಷ ಒಂದು ಅಂಗಡಿಯಲ್ಲಿ ದುಡಿದ. ಪಿಯಾನೊ ಮಾಡಿದ್ದೆಲ್ಲ ಅವನು, ಅದರ ಮೇಲೆ ಹೆಸರು ಮಾಲೀಕರದು. ವಯಸ್ಸಾದ ಮೇಲೆ ತನ್ನ ಗರಾಜಿನಲ್ಲಿ ಒಂದೇ ಒಂದು, ತನ್ನ ಹೆಸರಿಗೆ ಅಂತ ಶುರು ಮಾಡಿದ. ನಾಲ್ಕು ವರ್ಷದಿಂದ ಅದರಲ್ಲೇ ಮುಳುಗಿದ್ದ. ಹೆಸರಿನ ಹಿತ್ತಾಳೆ ಅಕ್ಷರಗಳನ್ನೂ ಮಾಡಿಸಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದ.

ಅವನ ಅಂಟು ದನದ ಚರ್ಮ ಬೇಯಿಸಿ ಮಾಡಿದ್ದು. ಬೇಲಿ ದಾಟಿ ನಾರೋದು.

"ಹೆಣ ಬೇಯಿಸ್ತಿದೀಯೇನೋ ಅಜ್ಜಾ?" ಅಂತ ಒಂದ್ಸಲ ಕೇಳಿದೆ. ನನ್ನ ಮೊಮ್ಮಗಳು ಅದನ್ನ ಅವನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವನು ನಕ್ಕು ಏನೋ ಅಂದ. ನಮ್ಮ ಮನೆ ಇಂಗು ಏನು ಗುಲಾಬಿನಾ ಅಂತ ಕೇಳಿದನಂತೆ.

ಒಂದು ವರ್ಷ ಚಳಿಗಾಲದಲ್ಲಿ ಹಿಮ ಬಿದ್ದು ಕರೆಂಟ್ ಹೋಯ್ತು, ಮನೆ ಕಾಯಿಸೋ ಹೀಟರೂ ನಿಂತಿತು. ಹಿಂದಿನ ದಿನವಷ್ಟೇ ಅವನು ಪಿಯಾನೊ ಒಳಗಿನ ದೊಡ್ಡ ಹಲಗೆ ಅಂಟಿಸಿದ್ದ. ನಾದವೆಲ್ಲ ಆ ಹಲಗೆಯದೇ. ಅಂಟು ಒಣಗೋ ಮೊದಲು ಹೆಪ್ಪುಗಟ್ಟಿದರೆ ನಾಲ್ಕು ವರ್ಷದ ಕೆಲಸ ಮಣ್ಣಾಯ್ತು ಅಂದ. 

ಉಪಾಯ ಹೇಳಿದ್ದು ನಾನೇ. ನಮ್ಮ ಕಡೆ ಬಾಣಂತಿ ಕೋಣೆಗೆ ಕೆಂಡ ಇಡ್ತೀವಿ. ನಾಲ್ಕು ಬಾಣಂತನ ಮಾಡಿದೋಳು ನಾನು. ಅಳಿಯನ ಇದ್ದಿಲು ಹಚ್ಚಿ, ಹಳೇ ಬಾಣಲೆಗೆ ಹಾಕಿ ಕೊಟ್ಟೆ. ಗರಾಜಿನ ಬಾಗಿಲ ಸಂದಿಗೆ ನನ್ನ ಸೀರೆಯೊಂದನ್ನು ಬಿಗಿಯಾಗಿ ತುರುಕಿದೆ.

ಮಧ್ಯಾಹ್ನ ಹೋಗಿ ನೋಡಿದರೆ ಹಲಗೆ ಬೆಚ್ಚಗಿತ್ತು. ಅವನು ಸ್ಟೂಲಿನ ಮೇಲೆ ಕೂತಿದ್ದ. ತಲೆ ಮುಟ್ಟಿ ತೋರಿಸಿ "ಪೇನ್" ಅಂದ.

"ಚಳಿಗೆ ಕಣಜ್ಜ ಅದು," ಅಂದೆ. ಇನ್ನೆರಡು ಹಿಡಿ ಇದ್ದಿಲು ಹಾಕಿ, ಗರಾಜಿನಿಂದ ಮನೆಯೊಳಕ್ಕಿರೋ ಬಾಗಿಲು ಮುಚ್ಚಿಕೊಂಡು ಬಂದೆ...

ಸಂಜೆ ಸಾರು ಕೊಡೋಕೆ ಹೋದ ನನ್ನ ಮಗಳು ಅಲ್ಲಿಂದಲೇ ಕಿರುಚಿದಳು. ಅಜ್ಜ ಹೋಗಿಬಿಟ್ಟಿದ್ದ.

ಊರಿನ ನಮ್ಮ ಹೆಂಚಿನ ಮನೆಯಲ್ಲಿ ಸಂದಿ ಸಂದಿಗೂ ಗಾಳಿ. ಇಲ್ಲಿನ ಗರಾಜು ಮುಚ್ಚಿದ ಡಬ್ಬಿ. ಕೆಂಡದ ವಿಷಗಾಳಿ ಕಣ್ಣಿಗೆ ಕಾಣದೆಯೂ ಕೊಲ್ಲುತ್ತೆ, ತಲೆನೋವೇ ಅದರ ಮೊದಲ ಗುರುತು ಅಂತ ಆಮೇಲೆ ಹೇಳಿದರು. ನಿನ್ನ ತಪ್ಪಲ್ಲಮ್ಮ ಅಂತಾಳೆ ಮಗಳು. ಕೆಂಡ ಕೊಟ್ಟಿದ್ದು ನಾನು, ಸೀರೆ ತುರುಕಿದ್ದು ನಾನು. ಇನ್ಯಾರ ತಪ್ಪು?

ಡ್ಯಾಲಸ್‌ನಿಂದ ಅವನ ಮಗಳು ಬಂದಳು. ಇಂಗ್ಲಿಷಿಗೆ ಅಂತ ಮೊಮ್ಮಗಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ನಾನೇ ಎಲ್ಲ ಹೇಳಿದೆ. ಅವಳು ಸೀರೆ ಮಡಿಸಿ ನನ್ನ ಕೈಗಿಟ್ಟಳು.  ಪಿಯಾನೊ ಲಾರಿಗೇರಿಸುವಾಗ ನೋಡಿದೆ... ಹಲಗೆ ಬಿಟ್ಟಿರಲಿಲ್ಲ. ಅಂಟು ಕಚ್ಚಿ ಹಿಡಿದಿತ್ತು. ಹೆಸರಿನ ಜಾಗ ಮಾತ್ರ ಖಾಲಿ.

ನಿನ್ನೆ ನಾನು ಜೋಳ ಮುಟ್ಟಲಿಲ್ಲ. ಎಲ್ಲರೂ ತಿಂದು ಒಳಗೆ ಹೋದ ಮೇಲೆ ಕೆಂಡಕ್ಕೆ ಒಂದು ಕೊಡ ನೀರು ಸುರಿದೆ. ಆರಿದೆಯಾ ಅಂತ ಕೋಲಿನಲ್ಲಿ ಕೆದಕಿ ನೋಡಿದೆ. ಇನ್ನೊಂದು ಕೊಡ ಸುರಿದೆ.