ದಿನಕ್ಕೊಂದೇ ಚುಕ್ಕಿ

ಎರಡು ವರ್ಷದ ಹಿಂದಿನ ಮಾತು. ಬೆಟಗೇರಿಯಲ್ಲಿ ಕುಳಿತು ಗಿರಣಿ, ಗೋದಾಮುಗಳಿಗೆ ಸಣ್ಣಪುಟ್ಟ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆದುಕೊಡುವ ಕೆಲಸದಲ್ಲಿ ನನಗೆ ಇಪ್ಪತ್ತೆರಡು ವರ್ಷ ತುಂಬಿತ್ತು. ಖರೆ ಹೇಳಬೇಕೆಂದರೆ ಸಾಕುಸಾಕಾಗಿತ್ತು. ಕಣ್ಣುರಿ, ಬೆನ್ನುನೋವು, ಮೇಲೆ ‘ಇದೊಂದು ಮಾಡಿಕೊಡ್ರಿ ಸರ’ ಎನ್ನುವ ಗಿರಾಕಿಗಳು.

ಅಂಥ ಒಬ್ಬ ಗಿರಾಕಿ ಶಿವಪ್ಪಣ್ಣ. ಹರ್ತಿ ರಸ್ತೆಯಲ್ಲಿ ಅವರದು ಒಣಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್. ಕೋಣೆಯ ಉಷ್ಣತೆಯ ಗ್ರಾಫ್ ಬೇರೆ ವಿಂಡೋದಲ್ಲಿ ಬರಿಯ ಚಿತ್ರವಾಗಿ ತೆರೆಯುವುದು ಅವರಿಗೆ ಒಗ್ಗಲಿಲ್ಲ. ಪ್ರೋಗ್ರಾಮಿನ ಒಳಗೇ ಇರಬೇಕು, ಮೌಸ್ ಇಟ್ಟರೆ ಅಂಕಿ ಕಾಣಬೇಕು, ಬೇಕಾದ ಕಡೆ ಹಿಗ್ಗಬೇಕು. ಹೀಗೆ ಒಳಗೆ ಕೂರಿಸುವುದನ್ನು ಎಂಬೆಡ್ ಮಾಡುವುದು ಎನ್ನುತ್ತೇವೆ. ಕೂರಿಸಿದೆ. ಆದರೆ ನಿಮಿಷಕ್ಕೊಂದು ರೀಡಿಂಗ್ ಎಂದರೆ ವರ್ಷಕ್ಕೆ ಐದು ಲಕ್ಷ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಚುಕ್ಕಿ. ಮೌಸ್ ಅಲುಗಿಸಿದರೆ ವಿಂಡೋ ಕಲ್ಲಾಗಿ ಕೂರುತ್ತಿತ್ತು. ಬೇಸತ್ತು ಸರಾಸರಿ ತೆಗೆದು ದಿನಕ್ಕೊಂದೇ ಚುಕ್ಕಿ ಇಟ್ಟೆ. ಯಾರು ಅಷ್ಟು ನೋಡುತ್ತಾರೆ ಬಿಡು ಎಂದುಕೊಂಡೆ.

ಆರು ತಿಂಗಳಾದ ಮೇಲೆ ಶಿವಪ್ಪಣ್ಣ ಜಲ್ದಿ ಬರಲು ಹೇಳಿದರು. ಹೊಸ ಕೋಣೆಯ ಮೆಣಸಿನಕಾಯಿ ಬೆವೆತು ಬಣ್ಣಗೆಟ್ಟಿತ್ತು. ಗ್ರಾಫಿನಲ್ಲಿ ಅಲ್ಲಲ್ಲಿ ಒಟ್ಟು ಆರು ದಿನ ಉಷ್ಣತೆ ಏರಿತ್ತು. ಹನ್ನೊಂದು ವರ್ಷದಿಂದ ರಾತ್ರಿ ಪಾಳಿಯಲ್ಲಿ ತಂಪು ಮಾಡುವ ಮಷೀನ್ ನೋಡುತ್ತಿದ್ದ ಇಮಾಮಸಾಬರು ಬಾಗಿಲ ಬಳಿ ನಿಂತಿದ್ದರು.

“ಮಷೀನ್ ಬಂದ್ ಮಾಡಿ ಮಲಗ್ಯಾನ್ರಿ ಇಂವ. ಗ್ರಾಫ್ ಸುಳ್ಳ ಹೇಳತೈತೇನು? ನಾಳಿಂದ ಬರಬ್ಯಾಡ ಅಂದೀನಿ. ಅದರದೊಂದು ಪ್ರಿಂಟ್ ತಗದು ಕೊಡ್ರಿ,” ಎಂದರು ಶಿವಪ್ಪಣ್ಣ.

“ನಾ ಮಲಗಿಲ್ರಿ,” ಎಂದಷ್ಟೇ ಅಂದರು ಇಮಾಮಸಾಬರು.

ಉಷ್ಣತೆ ಏರಿದ್ದು ಹಗಲೋ ರಾತ್ರಿಯೋ ಎಂದು ಹೇಳುವ ಯೋಗ್ಯತೆ ನನ್ನ ಗ್ರಾಫಿಗೆ ಇರಲೇ ಇಲ್ಲ. ಎರಡು ತಾಸು ಬೇಡಿ, ಅಲ್ಲೇ ಕುಳಿತು ಕೋಡ್ ತಿದ್ದಿದೆ: ಹಿಗ್ಗಿಸಿದಷ್ಟು ಭಾಗಕ್ಕೆ ಮಾತ್ರ ನಿಮಿಷನಿಮಿಷದ ರೀಡಿಂಗ್ ಬರಲಿ. ಮೊದಲೇ ಮಾಡಬೇಕಿದ್ದ ಕೆಲಸ.

ರಾತ್ರಿಯ ಗೆರೆ ನೇರವಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಏರಿ ಮಧ್ಯಾಹ್ನ ಇಳಿಯುತ್ತಿತ್ತು. ಆರೂ ದಿನ ಹಾಗೇ. ಗೋಡೆಯ ಕ್ಯಾಲೆಂಡರ್ ನೋಡಿದರೆ ಆರೂ ಅಮಾವಾಸ್ಯೆ. ಮೊದಲು ಮಷೀನಿಗಷ್ಟೇ ಆಗುತ್ತಿದ್ದ ಅಮಾವಾಸ್ಯೆಯ ಪೂಜೆ, ಹೊಸ ಕೋಣೆ ಕಟ್ಟಿದ ಮೇಲೆ ಅದರೊಳಗೂ ಆಗುತ್ತಿತ್ತು. ಮಷೀನ್ ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಮನೆಮಂದಿಯೆಲ್ಲ ಒಳಗೆ. ಪಾಳಿ ಮುಗಿದರೂ ಉಳಿದು, ಪೂಜೆಗೆ ಮಷೀನ್ ಒರೆಸಿ ಕೊಡುತ್ತಿದ್ದವರು ಇಮಾಮಸಾಬರೇ.

ಶಿವಪ್ಪಣ್ಣ ಇಮಾಮಸಾಬರ ಕಡೆ ತಿರುಗಿದರು. “ಗೊತ್ತಿದ್ದೂ ಯಾಕ ಹೇಳಲಿಲ್ಲೋ ಮಾರಾಯಾ?” ಎಂದರು.

“ನಿಮ್ಮ ಪೂಜಾ ನಿಂದ್ರಸ್ರಿ ಅಂತ ನಾ ಹೆಂಗ ಹೇಳ್ಲಿ, ಯಜಮಾನ್ರ? ನೀವ ಹೇಳ್ರಿ.”

“ನಂದ ತಪ್ಪಾತು. ಸಂಜಿಗೆ ಪಾಳಿಗೆ ಬಾ. ಇನ್ಮ್ಯಾಲೆ ಪೂಜಾದ ಕಾಯಿ ಬಾಗಿಲ ಹೊರಗ ಒಡೆಯೋಣು.”

ಇಮಾಮಸಾಬರು ತಲೆಯಾಡಿಸಿದರು. ಹೊರಡುವಾಗ ನನ್ನನ್ನು ಕೇಳಿದರು: “ಸರ, ಇದು ಮೊದಲಿಂದ ಕಂಪ್ಯೂಟರಿನ್ಯಾಗ ಇರಲಿಲ್ಲೇನ್ರಿ?”

“ಇತ್ತು. ನಾನ ತೋರಿಸಿರಲಿಲ್ಲ,” ಎಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಬೈದಿದ್ದರೆ ಚೆನ್ನಾಗಿತ್ತು.

ಈಗಲೂ ದಣಿವು ಹಾಗೇ ಇದೆ, ಈಗಲೂ ಸರಾಸರಿ ತೆಗೆಯುತ್ತೇನೆ. ಆದರೆ ಅದು ಸರಾಸರಿ ಎಂದು ಗ್ರಾಫಿನ ಮೇಲೆ ದಪ್ಪಕ್ಷರದಲ್ಲಿ ಬರೆಯದೆ ಯಾರಿಗೂ ಕೊಡುವುದಿಲ್ಲ. ನನ್ನ ಬೇಸರ ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕಬಾರದು.